ಬಾಲ್ ಬರುವ ಮೊದಲೇ ನೋಡುವವನು

ಎಲ್ಲರಿಗೂ ನಮಸ್ಕಾರ. ಕೋಚ್‌ಗಳು, ಅಪ್ಪ ಅಮ್ಮಂದಿರು, ಹಿಂದೆ ಕೂತಿರುವ ಮಕ್ಕಳು, ಎಲ್ಲರೂ ಸ್ವಲ್ಪ ಮುಂದೆ ಬನ್ನಿ. ಕೊನೆಗೆ ಒಂದು ವಿಡಿಯೋ ತೋರಿಸುವುದಿದೆ, ಹಿಂದಿನಿಂದ ಸರಿಯಾಗಿ ಕಾಣುವುದಿಲ್ಲ.

ಇವತ್ತು ಒಬ್ಬನೇ ಆಟಗಾರನ ಬಗ್ಗೆ ಮಾತಾಡುತ್ತೇನೆ. ಲುಕಾ ಮೊಡ್ರಿಚ್. ಕ್ರೊಯೇಷಿಯಾ ದೇಶದ ಫುಟ್‌ಬಾಲ್ ಆಟಗಾರ, ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುವೆ ಆಡುವವನು. ಮೆಸ್ಸಿ ಬಗ್ಗೆ, ರೊನಾಲ್ಡೊ ಬಗ್ಗೆ ಹೇಳಿ ಅಂತ ಇಲ್ಲಿನ ಕೆಲವು ಹುಡುಗರು ಕೇಳಿದರು. ಅವರ ಬಗ್ಗೆ ಹೇಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಮಿಡ್‌ಫೀಲ್ಡರ್ ಬಗ್ಗೆ ಹೇಳುವವರು ಕಡಿಮೆ, ಯಾಕೆಂದರೆ ಅವನ ಕೆಲಸ ಸ್ಕೋರ್‌ಬೋರ್ಡ್ ಮೇಲೆ ಬರುವುದಿಲ್ಲ. ಮೊಡ್ರಿಚ್ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಕ್ಲಬ್‌ನಲ್ಲಿ 13 ಸೀಸನ್ ಆಡಿದ. 597 ಪಂದ್ಯ. ಗೋಲು ಎಷ್ಟು ಗೊತ್ತಾ? 43. ಅಷ್ಟೇ. ಆದರೆ 2025ರಲ್ಲಿ ಅವನು ಕ್ಲಬ್ ಬಿಟ್ಟು ಹೊರಟಾಗ ಅವನ ಹೆಸರಲ್ಲಿ 28 ಟ್ರೋಫಿಗಳಿದ್ದವು, 1902ರಲ್ಲಿ ಶುರುವಾದ ಆ ಕ್ಲಬ್‌ನಲ್ಲಿ ಅಲ್ಲಿಯವರೆಗೆ ಅಷ್ಟು ಗೆದ್ದವರು ಬೇರೆ ಯಾರೂ ಇರಲಿಲ್ಲ. ಗೋಲಿನ ಲೆಕ್ಕಕ್ಕೂ ಟ್ರೋಫಿಯ ಲೆಕ್ಕಕ್ಕೂ ನಡುವೆ ಇಷ್ಟು ದೊಡ್ಡ ಅಂತರ ಇದೆಯಲ್ಲ, ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆಯೇ.

ಕ್ರೊಯೇಷಿಯಾದಲ್ಲಿ ಝಾದರ್ ಅಂತ ಸಮುದ್ರದ ದಡದ ಊರಿದೆ. 1985ರ ಸೆಪ್ಟೆಂಬರ್ 9ರಂದು ಅವನು ಹುಟ್ಟಿದ್ದು ಅಲ್ಲಿ. ಬೆಳೆದದ್ದು ಮಾತ್ರ ವೆಲೆಬಿಟ್ ಬೆಟ್ಟದ ಬುಡದ ಒಂದು ಪುಟ್ಟ ಹಟ್ಟಿಯಲ್ಲಿ, ತಾತನ ಜೊತೆ. ಐದು ವರ್ಷದ ಲುಕಾ ಕೋಲು ಹಿಡಿದು ಆಡು ಅಟ್ಟಿಕೊಂಡು ಹೋಗುವ ಒಂದು ಹಳೆಯ ವಿಡಿಯೋ ಇದೆ, ನಿಮ್ಮಲ್ಲಿ ಕೆಲವರು ನೋಡಿರಬಹುದು. ಆ ತಾತನ ಹೆಸರೂ ಲುಕಾ. ಮೊಮ್ಮಗನಿಗೆ ಇಟ್ಟದ್ದು ಅವರದೇ ಹೆಸರು. 1991ರಲ್ಲಿ ಕ್ರೊಯೇಷಿಯಾ ಯುಗೊಸ್ಲಾವಿಯಾದಿಂದ ಬೇರೆಯಾಗಲು ಹೊರಟಾಗ ಯುದ್ಧ ಶುರುವಾಯಿತು. ಆ ಡಿಸೆಂಬರ್‌ನಲ್ಲಿ ಸರ್ಬ್ ಬಂಡುಕೋರರು ತಾತನನ್ನು ಕೊಂದರು, ಮನೆಯನ್ನೂ ಸುಟ್ಟರು. ಹುಡುಗನಿಗೆ ಆಗ ಆರು ವರ್ಷ. ಅಪ್ಪ ಸೈನ್ಯ ಸೇರಿದ. ಸಂಸಾರ ಝಾದರ್‌ಗೆ ಓಡಿಬಂದು ನಿರಾಶ್ರಿತರಿಗೆ ಬಿಟ್ಟುಕೊಟ್ಟಿದ್ದ ಹೋಟೆಲ್‌ನ ರೂಮುಗಳಲ್ಲಿ ವರ್ಷಗಟ್ಟಲೆ ಇತ್ತು. ಮೊದಲು ಕೊಲೊವಾರೆ ಹೋಟೆಲ್, ಆಮೇಲೆ ಇಝ್ ಹೋಟೆಲ್. ಊರಿನ ಮೇಲೆ ಶೆಲ್ ಬೀಳುತ್ತಿದ್ದ ದಿನಗಳು ಅವು. ಹುಡುಗ ಹೋಟೆಲ್‌ನ ಪಾರ್ಕಿಂಗ್ ಜಾಗದಲ್ಲಿ ಬಾಲ್ ಒದೆಯುತ್ತಿದ್ದ.

ಈ ಭಾಗ ಬಂದಾಗಲೆಲ್ಲ ಎಲ್ಲರೂ ಒಂದು ಮಾತು ಹೇಳುತ್ತಾರೆ, ಕಷ್ಟವೇ ಅವನನ್ನು ಗಟ್ಟಿ ಮಾಡಿತು ಅಂತ. ನಾನು ಹಾಗೆ ಹೇಳಲಾರೆ. ಆ ಹೋಟೆಲ್‌ಗಳಲ್ಲಿ ಇನ್ನೂ ಎಷ್ಟೋ ಮಕ್ಕಳಿದ್ದರು, ಅವರೆಲ್ಲ ಎಲ್ಲಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಯುದ್ಧ ಯಾರಿಗೂ ಪಾಸ್ ಕೊಡುವುದನ್ನು ಕಲಿಸಲಿಲ್ಲ. ಕಲಿಸಿದ್ದು ಮನುಷ್ಯರು. ಝಾದರ್ ಕ್ಲಬ್‌ನಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುತ್ತಿದ್ದ ತೊಮಿಸ್ಲಾವ್ ಬಾಶಿಚ್ ಎಂಬ ಕೋಚ್, ಅವರಲ್ಲಿ ಮುಖ್ಯ. ಫುಟ್‌ಬಾಲ್‌ನಲ್ಲಿ ಇವರೇ ನನ್ನ ತಂದೆ ಅಂತ ಮೊಡ್ರಿಚ್ ಹೇಳುತ್ತಾನೆ.

ಆ ಭಾಗದ ಹುಡುಗರಿಗೆಲ್ಲ ಒಂದೇ ಕನಸು, ಸ್ಪ್ಲಿಟ್ ನಗರದ ಹಾಯ್ದುಕ್ ಕ್ಲಬ್. ಲುಕಾ ಅಲ್ಲಿಗೆ ಟ್ರಯಲ್ಸ್‌ಗೆ ಹೋದ. ನೋಡಿದರು. ತುಂಬಾ ಚಿಕ್ಕವನು, ಸಣಕಲು, ಬೇಡ ಅಂದರು. ವಾಪಸ್ ಬಂದ ಹುಡುಗ ಫುಟ್‌ಬಾಲೇ ಬಿಟ್ಟುಬಿಡುವ ಸ್ಥಿತಿಯಲ್ಲಿದ್ದ, ಹಿಡಿದು ನಿಲ್ಲಿಸಿದ್ದು ಬಾಶಿಚ್.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನೂ ಮಕ್ಕಳ ತಂಡಗಳನ್ನು ಆರಿಸಿದ್ದೇನೆ. ಬಹಳ ವರ್ಷ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಎತ್ತರಕ್ಕೆ. ಹದಿಮೂರು ವರ್ಷದೊಳಗಿನ ಪಂದ್ಯದಲ್ಲಿ ಎತ್ತರದ ಹುಡುಗ ಇದ್ದರೆ ಬಾಲ್ ಎತ್ತಿ ಹೊಡೆದರೂ ಸಾಕು, ಅವನು ಓಡಿಹೋಗಿ ಗೋಲು ಹೊಡೆಯುತ್ತಾನೆ. ಭಾನುವಾರ ಸಂಜೆ ಕಪ್ ಕೈಗೆ ಬರುತ್ತದೆ, ಅಪ್ಪ ಅಮ್ಮಂದಿರಿಗೂ ಖುಷಿ. ಹಾಗೆ ಒಂದು ವರ್ಷ ಒಬ್ಬ ಪುಟ್ಟ ಹುಡುಗನನ್ನು ಬಿಟ್ಟೆ. ಅವನು ಅತ್ತೂ ಇಲ್ಲ, ಜಗಳವೂ ಆಡಲಿಲ್ಲ, ಸುಮ್ನೆ ಬ್ಯಾಗ್ ಎತ್ತಿಕೊಂಡು ಹೋದ. ಅವನು ಬಾಲ್ ಬರುವ ಮೊದಲೇ ಪಕ್ಕಕ್ಕೆ ನೋಡಿಕೊಳ್ಳುತ್ತಿದ್ದ ಅನ್ನುವುದು ನನಗೆ ನೆನಪಾದದ್ದು ಎಷ್ಟೋ ತಿಂಗಳ ಮೇಲೆ, ಟಿವಿಯಲ್ಲಿ ಮೊಡ್ರಿಚ್ ಆಟ ನೋಡುತ್ತಿದ್ದಾಗ. ಈ ಹೊತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಹದಿನಾರರ ಹೊತ್ತಿಗೆ ಅವನು ರಾಜಧಾನಿಯ ದೊಡ್ಡ ಕ್ಲಬ್ ಡೈನಮೊ ಝಾಗ್ರೆಬ್ ಸೇರಿದ. ಅಲ್ಲೂ ಅನುಮಾನ. 18 ತುಂಬಿದ ಹುಡುಗನನ್ನು 2003ರಲ್ಲಿ ಪಕ್ಕದ ದೇಶ ಬೋಸ್ನಿಯಾಕ್ಕೆ, ಮೊಸ್ತಾರ್ ನಗರದ ಝ್ರಿನ್‌ಸ್ಕಿ ಕ್ಲಬ್‌ಗೆ ಸಾಲಕ್ಕೆ, ಅಂದರೆ ಸ್ವಲ್ಪ ಕಾಲ ಆಡಿ ಬರಲು, ಕೊಟ್ಟರು. ಅಲ್ಲಿಯ ಲೀಗ್ ಆಗ ಬಹಳ ಒರಟು. ಕಾಲಿಗೇ ಹೊಡೆಯುವ ಆಟ. ಆ ಸೀಸನ್ ಮುಗಿಯುವಾಗ ಆ ಲೀಗ್‌ನ ಅತ್ಯುತ್ತಮ ಆಟಗಾರ ಈ ಸಣಕಲು ಹುಡುಗನೇ. ಬೋಸ್ನಿಯಾ ಲೀಗ್‌ನಲ್ಲಿ ಆಡಿದವನು ಎಲ್ಲಿ ಬೇಕಾದರೂ ಆಡಬಲ್ಲ ಅಂತ ಮುಂದೆ ಅವನೇ ಹೇಳಿದ. ಅಲ್ಲಿಂದ ಇನ್ನೊಂದು ಸಾಲ, ಆಮೇಲೆ ಡೈನಮೊಗೆ ವಾಪಸ್, ಸತತ ಮೂರು ಲೀಗ್ ಪ್ರಶಸ್ತಿ, 2008ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್.

ಟಾಟನ್‌ಹ್ಯಾಮ್ ಆ ವರ್ಷ ಎಂಟು ಪಂದ್ಯದಲ್ಲಿ ಬರೀ ಎರಡು ಪಾಯಿಂಟ್ ಗಳಿಸಿ ತಳದಲ್ಲಿತ್ತು. ಇಂಗ್ಲೆಂಡ್‌ಗೆ ಇವನು ಸಾಲದು ಅನ್ನುವ ಅದೇ ಹಳೆಯ ರಾಗ ಶುರುವಾಯಿತು. ಹ್ಯಾರಿ ರೆಡ್‌ನ್ಯಾಪ್ ಮ್ಯಾನೇಜರ್ ಆಗಿ ಬಂದರು, ಅವನ ಮೇಲೆ ನಂಬಿಕೆ ಇಟ್ಟು ಆಟ ಅವನ ಕಾಲಿಂದ ಶುರುವಾಗುವ ಹಾಗೆ ನೋಡಿಕೊಂಡರು. ನಡುವೆ ಕಾಲು ಮುರಿಯಿತು. ಆದರೂ 2010ರಲ್ಲಿ ತಂಡ ನಾಲ್ಕನೇ ಸ್ಥಾನಕ್ಕೆ ಬಂದು ಯೂರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್ ಮುಟ್ಟಿತು. ಗೋಲು ಹೊಡೆದು ಸುದ್ದಿಯಾದವರು ಬೇರೆಯವರು, ಗ್ಯಾರೆತ್ ಬೇಲ್ ಅವರಲ್ಲಿ ಒಬ್ಬ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮಿಡ್‌ಫೀಲ್ಡರ್ ಏನು ಮಾಡುತ್ತಾನೆ?

ನೀವು ಟಿವಿಯಲ್ಲಿ ಪಂದ್ಯ ನೋಡುವಾಗ ಕಣ್ಣು ಬಾಲ್ ಹಿಂದೆ ಹೋಗುತ್ತದೆ ಅಲ್ವಾ? ಒಂದು ಸಲ ಬಾಲ್ ಬಿಟ್ಟು ಮೊಡ್ರಿಚ್‌ನ ಕುತ್ತಿಗೆ ನೋಡಿ. ಬಾಲ್ ಇನ್ನೂ ಡಿಫೆಂಡರ್ ಕಾಲಲ್ಲಿದೆ. ಇವನು ಎಡ ಭುಜದ ಮೇಲಿಂದ ಹಿಂದೆ ನೋಡುತ್ತಾನೆ. ಬಲಕ್ಕೆ ನೋಡುತ್ತಾನೆ. ಎರಡು ಹೆಜ್ಜೆ ಜರುಗುತ್ತಾನೆ, ಮತ್ತೆ ನೋಡುತ್ತಾನೆ. ಬಾಲ್ ಅವನ ಕಡೆ ಹೊರಟ ಮೇಲೂ ಇನ್ನೊಂದು ಸಲ ತಲೆ ತಿರುಗುತ್ತದೆ. ಯಾರು ಎಲ್ಲಿ ನಿಂತಿದ್ದಾರೆ, ಯಾರು ಮೇಲೆ ಬೀಳಲು ಬರುತ್ತಿದ್ದಾರೆ, ಎಲ್ಲಿ ಜಾಗ ಖಾಲಿ ಇದೆ, ಎಲ್ಲ ಮೊದಲೇ ಗೊತ್ತು. ಹಾಲು ಉಕ್ಕುವ ಮೊದಲೇ ಅಮ್ಮನ ಕೈ ಒಲೆಯ ಹತ್ತಿರ ಇರುತ್ತಲ್ಲ, ಹಾಗೆ. ಬಾಲ್ ಮುಟ್ಟಿದ ಮೇಲೆ ಅವನು ಯೋಚನೆ ಮಾಡುವುದೇ ಇಲ್ಲ, ಯೋಚನೆ ಆಗಲೇ ಮುಗಿದಿರುತ್ತದೆ.

ಎರಡನೆಯದು ಮೈ ನಿಲ್ಲುವ ರೀತಿ. ನಮ್ಮ ಮಕ್ಕಳು ಬಾಲ್ ಬರುವ ದಿಕ್ಕಿಗೆ ಎದೆ ಪೂರ್ತಿ ಕೊಟ್ಟು ನಿಲ್ಲುತ್ತಾರೆ. ಹಾಗೆ ನಿಂತರೆ ಅರ್ಧ ಮೈದಾನ ಬೆನ್ನ ಹಿಂದೆ ಹೋಯಿತು. ಮೊಡ್ರಿಚ್ ಅರ್ಧ ತಿರುಗಿ ನಿಂತಿರುತ್ತಾನೆ, ಒಂದೇ ಟಚ್‌ಗೆ ಮುಖ ಎದುರಾಳಿಯ ಗೋಲಿನ ಕಡೆ. 1.72 ಮೀಟರ್ ಎತ್ತರದವನು ಆರಡಿ ಆಳುಗಳ ನಡುವೆ ಹೇಗೆ ಬದುಕುತ್ತಾನೆ ಅಂತ ಕೇಳುವವರಿಗೆ ಇದೇ ಉತ್ತರ. ಅವರು ಹತ್ತಿರ ಬರುವಷ್ಟರಲ್ಲಿ ಅವನು ಅಲ್ಲಿರುವುದಿಲ್ಲ.

ಇದನ್ನು ನೋಡಿ ಗುರುತಿಸಲು ಸಮಯ ಬೇಕು. ಮ್ಯಾಡ್ರಿಡ್‌ನವರಿಗೂ ಬೇಕಾಯಿತು. 2012ರ ಆಗಸ್ಟ್ ಕೊನೆಯಲ್ಲಿ ಅವನು ಅಲ್ಲಿಗೆ ಹೋದ, ಸೀಸನ್ ಮೊದಲಿನ ಅಭ್ಯಾಸವೇ ಇಲ್ಲ. ಆ ವರ್ಷದ ಕೊನೆಗೆ ಸ್ಪೇನ್‌ನ ಮಾರ್ಕಾ ಪತ್ರಿಕೆ ಓದುಗರನ್ನು ಕೇಳಿದಾಗ, ಸೀಸನ್‌ನ ಅತಿ ಕೆಟ್ಟ ಖರೀದಿ ಅಂತ ಅವರು ಆರಿಸಿದ್ದು ಇವನನ್ನೇ. ನಾಲ್ಕೇ ತಿಂಗಳ ಆಟ ನೋಡಿ! ಮಾರ್ಚ್ 2013ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಓಲ್ಡ್ ಟ್ರಾಫರ್ಡ್‌ನಲ್ಲಿ ತಂಡ ಹಿಂದಿತ್ತು. ಬೆಂಚ್‌ನಿಂದ ಎದ್ದು ಬಂದ, ದೂರದಿಂದ ಒಂದು ಹೊಡೆದ, ಕಂಬಕ್ಕೆ ತಗುಲಿ ಒಳಗೆ ಹೋಯಿತು. ಮೂರು ನಿಮಿಷದಲ್ಲಿ ರೊನಾಲ್ಡೊ ಇನ್ನೊಂದು. ಅಲ್ಲಿಂದ ಯಾರೂ ಅವನನ್ನು ಖರೀದಿಯ ಲೆಕ್ಕದಲ್ಲಿ ನೋಡಲಿಲ್ಲ.

2014ರ ಚಾಂಪಿಯನ್ಸ್ ಲೀಗ್‌ನ ಲಿಸ್ಬನ್ ಫೈನಲ್ ನಿಮಗೆ ನೆನಪಿದೆಯಾ? ಅಟ್ಲೆಟಿಕೊ ಮ್ಯಾಡ್ರಿಡ್ 1-0 ಮುಂದೆ, 90 ನಿಮಿಷ ಮುಗಿದು ಇಂಜುರಿ ಟೈಮ್‌ನ ಮೂರನೇ ನಿಮಿಷ ಓಡುತ್ತಿದೆ, ಸೆರ್ಜಿಯೊ ರಾಮೋಸ್ ತಲೆ ಕೊಟ್ಟು ಗೋಲು. ಎಲ್ಲರ ಬಾಯಲ್ಲೂ ರಾಮೋಸ್. ಆ ಕಾರ್ನರ್ ತೆಗೆದದ್ದು ಯಾರು? ಇಲ್ಲಿ ಎಷ್ಟು ಜನ ಕೈ ಎತ್ತುತ್ತೀರಿ ನೋಡೋಣ. ಹೌದು, ಮೊಡ್ರಿಚ್. ಆಮೇಲೆ ಕ್ರೂಸ್, ಕಸೆಮಿರೊ ಎಂಬ ಇನ್ನಿಬ್ಬರು ಮಿಡ್‌ಫೀಲ್ಡರ್‌ಗಳ ಜೊತೆ ನಡುವೆ ನಿಂತು 2016, 2017, 2018, ಮೂರು ವರ್ಷ ಸತತವಾಗಿ ಚಾಂಪಿಯನ್ಸ್ ಲೀಗ್. ಒಟ್ಟು ಆರು ಸಲ ಗೆದ್ದ.

2018ರ ವಿಶ್ವಕಪ್ ಬಗ್ಗೆ ಹೇಳದೆ ಹೋಗಲಾರೆ. ಸುಮಾರು 40 ಲಕ್ಷ ಜನರ ದೇಶ ಕ್ರೊಯೇಷಿಯಾ, ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ನಾಯಕನಾಗಿ ಹೋದ ಮೊಡ್ರಿಚ್ ಮೇಲೆ ಆಗ ಅವನ ದೇಶದವರಿಗೇ ಸಿಟ್ಟಿತ್ತು. ಡೈನಮೊ ಕ್ಲಬ್ಬಿನ ಹಿಂದಿನ ಮುಖ್ಯಸ್ಥನ ಮೇಲಿನ ಹಣದ ಮೊಕದ್ದಮೆಯಲ್ಲಿ ಇವನು ಸುಳ್ಳು ಸಾಕ್ಷಿ ಹೇಳಿದ ಅಂತ ಆರೋಪ ಬಂದಿತ್ತು. ಅದು ಆಮೇಲೆ ಬಿದ್ದುಹೋಯಿತು, ಆದರೆ ವಿಶ್ವಕಪ್‌ಗೂ ಮೊದಲೇ, ಅವನು ಚಿಕ್ಕವನಿದ್ದಾಗ ಇದ್ದ ಹೋಟೆಲ್‌ನ ಗೋಡೆ ಮೇಲೆ ಅವನ ವಿರುದ್ಧ ಬರಹ ಬಿದ್ದಿತ್ತು. ನಿರಾಶ್ರಿತನಾಗಿ ಬಂದು ಸೇರಿದ್ದ ಅದೇ ಗೋಡೆ. ಇದೆಲ್ಲ ತಲೆಯಲ್ಲಿ ಇಟ್ಟುಕೊಂಡು ಡೆನ್ಮಾರ್ಕ್ ವಿರುದ್ಧ 116ನೇ ನಿಮಿಷದಲ್ಲಿ ಪೆನಾಲ್ಟಿಗೆ ನಿಂತ. ಗೋಲ್‌ಕೀಪರ್ ಕ್ಯಾಸ್ಪರ್ ಶ್ಮೈಕಲ್ ತಡೆದುಬಿಟ್ಟ. ಅದಾಗಿ ಕೆಲವೇ ನಿಮಿಷಕ್ಕೆ ಶೂಟೌಟ್. ಹತ್ತು ವರ್ಷದ ಹಿಂದೆ, ಯೂರೋಪ್ ದೇಶಗಳ ಟೂರ್ನಿಯಾದ 2008ರ ಯೂರೋದಲ್ಲಿ ಟರ್ಕಿ ವಿರುದ್ಧ ಶೂಟೌಟ್‌ನ ಮೊದಲ ಪೆನಾಲ್ಟಿ ಹೊರಗೆ ಹೊಡೆದಿದ್ದವನು ಇವನೇ, ತಂಡ ಅಲ್ಲೇ ಮನೆಗೆ ಹೋಗಿತ್ತು. ಬೇರೆಯವರಾಗಿದ್ದರೆ ಇನ್ಯಾರಾದರೂ ಹೊಡೆಯಲಿ ಅನ್ನುತ್ತಿದ್ದರು. ಇವನು ಮತ್ತೆ ಅದೇ ಶ್ಮೈಕಲ್ ಎದುರು ಬಂದು ನಿಂತ. ಈ ಸಲ ಒಳಗೆ. ನನಗೆ ಅವನ ಎಲ್ಲ ಪಾಸ್‌ಗಳಿಗಿಂತ ಇಷ್ಟ ಆಗುವುದು ಸೆಂಟರ್ ಸರ್ಕಲ್‌ನಿಂದ ಪೆನಾಲ್ಟಿ ಜಾಗದವರೆಗಿನ ಆ ನಡಿಗೆ.

ಡೆನ್ಮಾರ್ಕ್, ರಷ್ಯಾ, ಇಂಗ್ಲೆಂಡ್, ಮೂರೂ ಪಂದ್ಯ ಎಕ್ಸ್‌ಟ್ರಾ ಟೈಮ್‌ಗೆ ಹೋದವು. ಮೂರು ಸಲ ಅರ್ಧ ಗಂಟೆ. ಅಂದರೆ ಫೈನಲ್‌ಗೆ ಬರುವಷ್ಟರಲ್ಲಿ ಕ್ರೊಯೇಷಿಯಾ ಫ್ರಾನ್ಸ್‌ಗಿಂತ ಒಂದು ಇಡೀ ಪಂದ್ಯ ಜಾಸ್ತಿ ಆಡಿತ್ತು. ಮಾಸ್ಕೋದಲ್ಲಿ 4-2ಕ್ಕೆ ಸೋತರು. ಸುರಿಯುವ ಮಳೆಯಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರನ ಗೋಲ್ಡನ್ ಬಾಲ್ ಹಿಡಿದು ನಿಂತ ಅವನ ಮುಖ ನೋಡಿ, ಒಂದು ಚೂರೂ ನಗು ಇಲ್ಲ. ಆ ಡಿಸೆಂಬರ್‌ನಲ್ಲಿ ಜಗತ್ತಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ ಓರ್ ಕೂಡ ಬಂತು. 2008ರಿಂದ ಹತ್ತು ವರ್ಷ ಮೆಸ್ಸಿ, ರೊನಾಲ್ಡೊ ಬಿಟ್ಟು ಬೇರೆ ಯಾರಿಗೂ ಸಿಕ್ಕಿರಲಿಲ್ಲ.

ಇವನಿಗೂ ನಮಗೂ ಒಂದು ಸಣ್ಣ ಕೊಂಡಿ ಇದೆ. 2019ರಿಂದ 2024ರವರೆಗೆ ಭಾರತ ತಂಡದ ಕೋಚ್ ಆಗಿದ್ದ ಇಗೊರ್ ಸ್ಟಿಮಾಚ್ ಅದೇ ದೇಶದವರು. 1998ರಲ್ಲಿ ಮೊದಲ ವಿಶ್ವಕಪ್‌ನಲ್ಲೇ ಮೂರನೇ ಸ್ಥಾನ ಪಡೆದ ತಂಡದಲ್ಲಿ ಆಡಿದವರು. ಆಮೇಲೆ ಕ್ರೊಯೇಷಿಯಾ ಕೋಚ್ ಆಗಿದ್ದಾಗ ಮೊಡ್ರಿಚ್ ಅವರ ತಂಡದಲ್ಲಿದ್ದ. 2023ರ ಜುಲೈನಲ್ಲಿ ನಮ್ಮ ಕಂಠೀರವದಲ್ಲಿ ಭಾರತ ಪೆನಾಲ್ಟಿಯಲ್ಲಿ ಕುವೈತ್ ಸೋಲಿಸಿ ಸ್ಯಾಫ್ ಕಪ್ ಗೆದ್ದದ್ದು ಅವರ ಕಾಲದಲ್ಲೇ. ಇಲ್ಲಿ ಕೂತವರಲ್ಲಿ ಎಷ್ಟೋ ಜನ ಆ ರಾತ್ರಿ ಗ್ಯಾಲರಿಯಲ್ಲಿದ್ದಿರಿ, ನನಗೆ ಗೊತ್ತು.

ವಯಸ್ಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2022ರ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾಗೆ ಮತ್ತೆ ಮೂರನೇ ಸ್ಥಾನ, ಬ್ರೆಜಿಲ್‌ನ್ನು ಮನೆಗೆ ಕಳಿಸಿ. 2024ರ ಯೂರೋದಲ್ಲಿ ಇಟಲಿ ವಿರುದ್ಧ ಪೆನಾಲ್ಟಿ ತಪ್ಪಿಸಿಕೊಂಡು, ಮುಂದಿನ ನಿಮಿಷದಲ್ಲೇ ಗೋಲು ಹೊಡೆದ. ಯೂರೋ ಇತಿಹಾಸದಲ್ಲಿ ಗೋಲು ಹೊಡೆದ ಅತಿ ಹಿರಿಯ ಅವನು. 2025ರಲ್ಲಿ ಎಸಿ ಮಿಲಾನ್ ಸೇರಿ ಅಲ್ಲಿ ನಲವತ್ತು ತುಂಬಿಸಿದ. ಓಟದ ಮೇಲೆ ಬದುಕಿದವರ ಕಾಲು ಮೂವತ್ತೆರಡಕ್ಕೆ ಸೋಲುತ್ತದೆ. ನೋಟದ ಮೇಲೆ ಬದುಕಿದವನಿಗೆ ಅದು ಅಷ್ಟು ಬೇಗ ಆಗಲಿಲ್ಲ ಅಂತ ನನ್ನ ಅಂದಾಜು.

ಸರಿ, ಈಗ ವಿಡಿಯೋ. ಯಾರಾದರೂ ಒಬ್ಬರು ಆ ಎರಡು ಲೈಟ್ ಆರಿಸಿ. ಇದು 2022ರ ಏಪ್ರಿಲ್ 12, ಮ್ಯಾಡ್ರಿಡ್‌ನ ಬರ್ನಬ್ಯೂ ಮೈದಾನ, ಚಾಂಪಿಯನ್ಸ್ ಲೀಗ್‌ನಲ್ಲಿ ಎದುರಿಗೆ ಚೆಲ್ಸಿ. ಆ ರಾತ್ರಿ ಚೆಲ್ಸಿ 3-0 ಮುಂದಿದೆ, ಎರಡು ಪಂದ್ಯದ ಒಟ್ಟು ಲೆಕ್ಕದಲ್ಲೂ ಒಂದು ಗೋಲು ಮುಂದೆ. 80ನೇ ನಿಮಿಷ. ಇವನಿಗೆ 36 ವರ್ಷ. ಎಡಭಾಗದಲ್ಲಿ ನಿಂತು ಬಲಗಾಲಿನ ಹೊರಬದಿಯಿಂದ ಒಂದು ಬಾಲ್ ಎತ್ತುತ್ತಾನೆ. ಅದು ಇಡೀ ಡಿಫೆನ್ಸ್‌ನ ತಲೆ ಮೇಲಿಂದ ಬಾಗಿಕೊಂಡು ಹೋಗಿ, ಓಡಿಬರುತ್ತಿರುವ ರೊಡ್ರಿಗೊ ಕಾಲಿಗೆ ಬೀಳುತ್ತದೆ. ಗೋಲು. ಪಂದ್ಯ ಎಕ್ಸ್‌ಟ್ರಾ ಟೈಮ್‌ಗೆ ಹೋಯಿತು, ಎರಡು ಪಂದ್ಯದ ಒಟ್ಟು ಲೆಕ್ಕದಲ್ಲಿ ಮ್ಯಾಡ್ರಿಡ್ ಗೆದ್ದಿತು, ಆ ವರ್ಷದ ಕಪ್ಪೂ ಅವರದೇ.

ಮಕ್ಕಳೇ, ಮೊದಲ ಸಲ ಹಾಕಿದಾಗ ನಿಮಗೆ ಬೇಕಾದ ಹಾಗೆ ನೋಡಿ. ಎರಡನೇ ಸಲ ಹಾಕುತ್ತೇನೆ, ಆಗ ಬಾಲ್ ನೋಡಬೇಡಿ, ರೊಡ್ರಿಗೊನನ್ನೂ ನೋಡಬೇಡಿ. 10ನೇ ನಂಬರ್ ಶರ್ಟ್‌ನವನ ತಲೆ ಮಾತ್ರ ನೋಡಿ, ಬಾಲ್ ಮುಟ್ಟುವ ಮೊದಲು ಎಷ್ಟು ಸಲ ತಿರುಗುತ್ತದೆ ಎಣಿಸಿ. ಕೋಚ್‌ಗಳು ನೀವೂ ಎಣಿಸಿ. ಹಾಕಲಾ?