ಸಮುದ್ರದ ಬಿಸಿಗೆ ಕಾನೂನು ಏನನ್ನುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದವರಿಗೆ ಸಮುದ್ರದ ಕಾನೂನು ಯಾಕೆ ಅಂತ ನೀವು ಕೇಳಬಹುದು. ಅರಬೈಲ್ ಘಟ್ಟ ಇಳಿದ ಮೇಲಲ್ವಾ ಸಮುದ್ರ? ಆದರೆ ನಮ್ಮ ಹೆಸರುಕಾಳು, ಶೇಂಗಾ ಬಿತ್ತನೆಗೆ ಕಾಯುವ ಮೋಡ ಬರುವುದು ಅರಬ್ಬಿ ಸಮುದ್ರದಿಂದ. ಮಾರ್ಕೆಟ್ಟಿಗೆ ಐಸಿನಲ್ಲಿ ಬರುವ ಬಂಗಡೆ ಕಾರವಾರ, ಅಂಕೋಲಾ ಕಡೆಯದು. ಆ ನೀರು ಬಿಸಿಯಾಗುತ್ತಿದೆ. ಕಲ್ಲಿದ್ದಲು, ಡೀಸೆಲ್ ಸುಟ್ಟು ಭೂಮಿಯಲ್ಲಿ ಜಾಸ್ತಿಯಾದ ಶಾಖದಲ್ಲಿ ಶೇಕಡ 90ರಷ್ಟನ್ನು ಸಮುದ್ರವೇ ನುಂಗಿದೆ.

1982ರಲ್ಲಿ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಆಯಿತು. ಅದರಲ್ಲಿ ಹವಾಮಾನ ಬದಲಾವಣೆಯ ಮಾತೇ ಇಲ್ಲ. ಆಗಿನ ಚಿಂತೆ ಗಡಿ, ಮೀನು, ಹಡಗಿನಿಂದ ಚೆಲ್ಲುವ ಎಣ್ಣೆ.

2022ರ ಡಿಸೆಂಬರ್‌ನಲ್ಲಿ ತುವಾಲು, ಆಂಟಿಗುವಾದಂಥ ಸಣ್ಣ ದ್ವೀಪ ದೇಶಗಳ ಆಯೋಗವೊಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಸಮುದ್ರ ಕಾನೂನಿನ ನ್ಯಾಯಮಂಡಳಿಗೆ ಹೋಯಿತು. ಈ ಹಳೇ ಒಪ್ಪಂದ ನಮ್ಮನ್ನು ಕಾಯುತ್ತದೋ ಇಲ್ಲವೋ ಹೇಳಿ ಅಂತ ಕೇಳಿತು. ನ್ಯಾಯಮೂರ್ತಿಗಳು ಒಪ್ಪಂದದ ಮೊದಲ ವಿಧಿಯನ್ನೇ ಬಿಡಿಸಿ ಓದಿದರು. ಮನುಷ್ಯರು ನೇರವಾಗಿಯೋ ಸುತ್ತುಬಳಸಿಯೋ ಸಮುದ್ರಕ್ಕೆ ಸೇರಿಸಿ ಹಾನಿ ಮಾಡುವ ವಸ್ತು ಅಥವಾ ಶಕ್ತಿ, ಅದು ಮಾಲಿನ್ಯ. ಇಂಗಾಲದ ಡೈಆಕ್ಸೈಡ್ ವಸ್ತು. ಶಾಖ ಶಕ್ತಿ. ಅಂದಮೇಲೆ ಹೊಗೆಯೂ ಸಮುದ್ರದ ಮಾಲಿನ್ಯವೇ! 2024ರ ಮೇ 21ರಂದು ಇದನ್ನು ಒಮ್ಮತದಿಂದ ಹೇಳಿದರು. ಹವಾಮಾನ ಬದಲಾವಣೆ ತಡೆಯಲು ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದ ಪಾಲಿಸಿದ್ದೇವೆ, ಕೆಲಸ ಮುಗಿಯಿತು ಅನ್ನುವಂತಿಲ್ಲ ಅಂದರು. ಹಣ, ತಂತ್ರಜ್ಞಾನ ಇರುವ ದೇಶಗಳ ಹೊಣೆ ಜಾಸ್ತಿ ಅಂತಲೂ ಸೇರಿಸಿದರು. ನನಗೆ ಅದು ಸರಿ ಅನಿಸುತ್ತದೆ.

ಮರುವರ್ಷ, 2025ರ ಜುಲೈ 23ರಂದು, ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಇನ್ನೊಂದು ಗಟ್ಟಿ ಮಾತು ಹೇಳಿತು. ಒಂದು ದೇಶಕ್ಕೆ ತನ್ನ ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗೆ ಮೀನಿನ ಹಕ್ಕು ಇರುತ್ತದೆ. ನೀರು ಏರಿ ದಡವೇ ಕೊಚ್ಚಿಹೋದರೆ? ಒಮ್ಮೆ ಸರಿಯಾಗಿ ಗುರುತಿಸಿದ ಗಡಿ ಬದಲಿಸಬೇಕಿಲ್ಲ ಅಂದಿತು ಕೋರ್ಟು. ಹಳ್ಳದ ನೀರಿಗೆ ಬದು ಹೋದರೂ ಉತಾರದಲ್ಲಿ ಎಕರೆ ಹಾಗೇ ಉಳಿದಂತೆ. ಟ್ಯೂನಾ ಹಿಡಿಯುವ ಹಡಗುಗಳ ಲೈಸೆನ್ಸ್ ಹಣದಿಂದ ಸರ್ಕಾರ ನಡೆಸುವ ತುವಾಲುವಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಈ ಎರಡೂ ಸಲಹೆಯ ಅಭಿಪ್ರಾಯಗಳು. ದಂಡ ಇಲ್ಲ, ಜಪ್ತಿ ಇಲ್ಲ. ಹಾಗಂತ ಸುಮ್ನೆ ಕಾಗದ ಅಂತ ತಳ್ಳಿಹಾಕೋದೂ ತಪ್ಪು. ಕರ್ತವ್ಯ ತಪ್ಪಿದ ದೇಶ ಪರಿಹಾರ ಕೊಡಬೇಕಾಗಬಹುದು ಅಂತ ಹೇಗ್ ಕೋರ್ಟು ಬರೆದಿದೆ. ಆದರೆ ಯಾವ ತಪ್ಪಿನಿಂದ ಯಾವ ಹಾನಿ ಆಯಿತು ಅಂತ ಪ್ರತಿ ಪ್ರಕರಣದಲ್ಲೂ ತೋರಿಸಬೇಕು. ಮುಂದಿನ ದಾವೆಗಳಲ್ಲಿ ವಕೀಲರು ಬೆವರೋದು ಅಲ್ಲೇ.

ನಮಸ್ಕಾರ.