‘ಬ್ಲಡಿ’: ಅಲ್ಲಿ ಹಗುರ, ಇಲ್ಲಿ ಭಾರ

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು ಬೈಗುಳದ ಬಗ್ಗೆ ಮಾತಾಡುತ್ತೇನೆ. ಇಂಗ್ಲಿಷಿನ ‘ಬ್ಲಡಿ’. ಸಭೆಯಲ್ಲಿ ಇಂಥದ್ದೆಲ್ಲ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಬೆಂಗಳೂರಿನಲ್ಲಿ ಇಂಗ್ಲಿಷ್ ಬಾರದವರ ಕಿವಿಗೂ ಬಿದ್ದಿರುವ ಪದ ಇದು. ಅದಕ್ಕೇ ಮಾತಾಡಬೇಕು.

ಇಂಗ್ಲೆಂಡಿನಲ್ಲಿ ಈ ಪದ ಹೆಚ್ಚಾಗಿ ಯಾರನ್ನೂ ಬೈಯುವುದಿಲ್ಲ. ಮುಂದಿನ ಪದಕ್ಕೆ ಒತ್ತು ಕೊಡುತ್ತದೆ, ಅಷ್ಟೆ. ‘ಬ್ಲಡಿ ಕೋಲ್ಡ್’ ಅಂದರೆ ವಿಪರೀತ ಚಳಿ. ‘ಬ್ಲಡಿ ಗುಡ್’ ಅಂದರೆ ಬಹಳ ಚೆನ್ನಾಗಿದೆ. ಹೊಗಳುವುದಕ್ಕೂ ಆಗುತ್ತದೆ ನೋಡಿ. 1711ರಲ್ಲಿ ಜೊನಾಥನ್ ಸ್ವಿಫ್ಟ್ ಒಂದು ಪತ್ರದಲ್ಲಿ ಸೆಕೆಯ ಬಗ್ಗೆ ‘ಬ್ಲಡಿ ಹಾಟ್’ ಅಂತ ಬರೆದಿದ್ದಾರೆ. ಅವರು ಚರ್ಚಿನ ಪಾದ್ರಿ! ‘ಬೈ ಅವರ್ ಲೇಡಿ’ ಅನ್ನುವ ಮೇರಿ ಮಾತೆಯ ಮೇಲಿನ ಆಣೆ ಸವೆದು ಈ ಪದ ಹುಟ್ಟಿತು ಅಂತ ಹೇಳುವವರಿದ್ದಾರೆ. ಭಾಷಾ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ.

ಮುಂದೆ ಇದು ಬಡವರ, ಬೀದಿಯವರ ಮಾತು ಅನ್ನಿಸಿಕೊಂಡಿತು. ಆಮೇಲೆ ಮರ್ಯಾದಸ್ಥರು ಬಾಯಿ ಮುಚ್ಚಿಕೊಂಡರು. ಅಚ್ಚು ಹಾಕುವಾಗ ಮೊದಲ ಮತ್ತು ಕೊನೆಯ ಅಕ್ಷರ ಇಟ್ಟು ನಡುವೆ ಗೆರೆ ಎಳೆಯುತ್ತಿದ್ದರು. 1914ರಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ ನಾಟಕವಾಯಿತು. ಹೂ ಮಾರುವ ಹುಡುಗಿ ಎಲೈಜಾ ದೊಡ್ಡವರ ಮನೆಯಲ್ಲಿ ಈ ಪದ ಆಡಿಬಿಡುತ್ತಾಳೆ. ಜನ ಬಿದ್ದು ಬಿದ್ದು ನಕ್ಕರು, ಪತ್ರಿಕೆಗಳಲ್ಲಿ ಅದೇ ಸುದ್ದಿ. ಆ ಪದ ಅವರಿಗೆ ಹೊಸದೇನಲ್ಲ. ಅದನ್ನು ಯಾರು, ಎಲ್ಲಿ ಆಡಿದರು ಅನ್ನುವುದು ಹೊಸದು.

ಈಗ ನಮ್ಮೂರಿಗೆ ಬರೋಣ. 1809ರಲ್ಲಿ ಇಲ್ಲಿ ಬ್ರಿಟಿಷರ ದಂಡು, ಅಂದರೆ ಕಂಟೋನ್ಮೆಂಟ್, ಶುರುವಾಯಿತು. 1949ರ ತನಕ ಪೇಟೆಯ ಆಡಳಿತ ಬೇರೆ, ದಂಡಿನ ಆಡಳಿತ ಬೇರೆ. ದಂಡಿನ ಬಂಗಲೆಗಳಲ್ಲಿ ಅಡುಗೆಯವರು, ಮಾಲಿಗಳು, ಕುದುರೆ ನೋಡಿಕೊಳ್ಳುವವರು ಇದ್ದರು. ಅವರ ಕಿವಿಗೆ ಇಂಗ್ಲಿಷ್ ಬಿದ್ದಿದ್ದು ಜಾಸ್ತಿ ಅಪ್ಪಣೆಯಾಗಿ, ಗದರಿಕೆಯಾಗಿ. ಹಾಗಾಗಿಯೇ ಈ ಪದ ನಮ್ಮಲ್ಲಿ ಚಳಿಗೂ ಅಂಟಲಿಲ್ಲ, ಊಟಕ್ಕೂ ಅಂಟಲಿಲ್ಲ, ಮನುಷ್ಯರಿಗೆ ಅಂಟಿತು ಅಂತ ನನಗನ್ನಿಸುತ್ತದೆ. ಬ್ಲಡಿ ಫೂಲ್, ಬ್ಲಡಿ ರಾಸ್ಕಲ್, ಬ್ಲಡಿ ಫೆಲೋ. ಹಳೆಯ ಕನ್ನಡ ಸಿನಿಮಾಗಳನ್ನು ನೆನಪಿಸಿಕೊಳ್ಳಿ. ಕೋಟು ಹಾಕಿದ ಸಾಹುಕಾರ ಬಡ ಹುಡುಗನನ್ನು ಮನೆಯಿಂದ ಆಚೆ ಕಳಿಸುವಾಗ ಏನನ್ನುತ್ತಾನೆ?

ಇಂಗ್ಲೆಂಡಿನ ‘ಬ್ಲಡಿ’ ಮಾಡುವ ಕೆಲಸಕ್ಕೆ ನಮ್ಮಲ್ಲಿ ಬೇರೆ ಪದಗಳಿವೆ. ಹಾಳಾದ ಮಳೆ. ದರಿದ್ರ ಕರೆಂಟು. ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡವರು ‘ಎಂಥಾ ಸುಡುಗಾಡು ಟ್ರಾಫಿಕ್’ ಅನ್ನುತ್ತಾರೆ. ಇಲ್ಲಿ ಸಿಟ್ಟು ಹೊರಗೆ ಬರುತ್ತದೆ, ಯಾರಿಗೂ ನೋವಾಗುವುದಿಲ್ಲ.

ಕಲಿತ ಭಾಷೆಯ ಬೈಗುಳ ಆಡುವವರಿಗೆ ಹಗುರ ಅನ್ನಿಸುತ್ತದೆ. ಹಲವು ಭಾಷೆ ಬಲ್ಲವರನ್ನು ಕೇಳಿ ಮಾಡಿದ ಅಧ್ಯಯನಗಳಲ್ಲೂ ಇದು ಕಂಡಿದೆ. ಮನೆಮಾತಿನ ಬೈಗುಳ ನಾಲಿಗೆಗೆ ಬರುವ ಮುಂಚೆ ಅಮ್ಮನ ಮುಖ ನೆನಪಾಗುತ್ತದೆ ಅಲ್ವಾ? ಇಂಗ್ಲಿಷಿಗೆ ಆ ತಡೆ ಇಲ್ಲ. ಅದಕ್ಕೇ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿಯವರ ಮೇಲೆ, ಸಿಗ್ನಲ್ಲಿನಲ್ಲಿ ಆಟೊದವರ ಮೇಲೆ ‘ಬ್ಲಡಿ ಈಡಿಯಟ್’ ಸಲೀಸಾಗಿ ಬೀಳುತ್ತದೆ. ಬೈದವರು ಸುಮ್ನೆ ಅಂದೆ ಅಂದುಕೊಳ್ಳುತ್ತಾರೆ. ಕೇಳಿದವರಿಗೆ ಹಾಗಲ್ಲ. ಕನ್ನಡದಲ್ಲಿ ಬೈದರೆ ಆಟೊದವರು ತಿರುಗಿ ಬೈಯುತ್ತಾರೆ, ಜಗಳ ಸರಿಸಮವಾಗುತ್ತದೆ. ಇಂಗ್ಲಿಷಿನಲ್ಲಿ ಬೈದಾಗ, ನನಗೆ ಉತ್ತರ ಕೊಡುವ ಮಟ್ಟದವನಲ್ಲ ನೀನು ಅಂತಲೂ ಹೇಳಿದ ಹಾಗಾಗುತ್ತದೆ. ಆ ಎರಡನೆಯ ಏಟು ನನಗೆ ತುಂಬಾ ಕ್ರೂರ ಅನ್ನಿಸುತ್ತದೆ.

ಇಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸುವವರು ಕೆಲವರಿದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ಮಕ್ಕಳು ಈ ಪದದ ಅರ್ಥ ಕೇಳಿದರೆ ‘ಬ್ಯಾಡ್ ವರ್ಡ್’ ಅಂತ ಬಾಯಿ ಮುಚ್ಚಿಸಬೇಡಿ. ಎಲೈಜಾಳ ಕಥೆ ಹೇಳಿ. ಗೇಟಿನ ಹತ್ತಿರ ಅದು ಯಾರ ಬಾಯಿಂದ ಬಂದು ಯಾರ ಮೇಲೆ ಬೀಳುತ್ತದೆ ಅನ್ನುವುದನ್ನೂ ಅವರ ಜೊತೆ ಕೂತು ಮಾತಾಡಿ.