ದುಡ್ಡು ರಾತ್ರಿ ಎಲ್ಲಿ ಮಲಗುತ್ತದೆ?

(ವಿಶ್ವ ಪ್ರವಾಸೋದ್ಯಮ ದಿನದಂದು ಚಿಕ್ಕಬಳ್ಳಾಪುರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಗೆಳೆಯರೇ, ಪೀಠಿಕೆ ಬೇಡ. ನನ್ನನ್ನು ಪರಿಚಯಿಸಿದವರು ಹೇಳಿದ್ದರಲ್ಲಿ ಅರ್ಧ ಉತ್ಪ್ರೇಕ್ಷೆ. ಇನ್ನರ್ಧ ನಿವೃತ್ತರಾದ ಎಲ್ಲರ ಬಗ್ಗೆಯೂ ಹೇಳುವಂಥದ್ದು. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದೆ ಎಂಬುದಷ್ಟೇ ನಿಜ. ಒಳಗೆ ಬರುವಾಗ ಬಾಗಿಲಲ್ಲಿ ಕಟ್ಟಿದ ಬ್ಯಾನರ್ ನೋಡಿದೆ. ನಂದಿ ಬೆಟ್ಟ, ಮೋಡ, ಅದರ ಕೆಳಗೆ ‘ಪ್ರವಾಸಿಗರು ಹೆಚ್ಚಲಿ, ಜಿಲ್ಲೆ ಬೆಳಗಲಿ’ ಎಂಬ ಸಾಲು. ಹೆಚ್ಚಲಿ ಎಂಬುದಕ್ಕೂ ಬೆಳಗಲಿ ಎಂಬುದಕ್ಕೂ ನಡುವೆ ಒಂದು ಅಲ್ಪವಿರಾಮವಿದೆ. ನನ್ನ ಇವತ್ತಿನ ಮಾತೆಲ್ಲ ಆ ಅಲ್ಪವಿರಾಮದ ಬಗ್ಗೆ.

ಎಷ್ಟು ಜನ ಬಂದರು ಎಂದು ಎಲ್ಲರೂ ಕೇಳುತ್ತಾರೆ. ಮಂತ್ರಿಗಳು ಕೇಳುತ್ತಾರೆ, ಪತ್ರಿಕೆಯವರು ಕೇಳುತ್ತಾರೆ, ಇಲಾಖೆಯವರು ವರದಿಯಲ್ಲಿ ಬರೆಯುತ್ತಾರೆ. ನಾನು ಕೇಳುವ ಪ್ರಶ್ನೆ ಸ್ವಲ್ಪ ಪೆದ್ದು ಪ್ರಶ್ನೆ: ಬಂದವರು ಬಿಚ್ಚಿದ ದುಡ್ಡು ಆ ರಾತ್ರಿ ಎಲ್ಲಿ ಮಲಗಿತು? ನಮ್ಮ ಊರಿನಲ್ಲೋ, ಬೆಂಗಳೂರಿನಲ್ಲೋ, ಇನ್ನೂ ದೂರದ ಯಾವುದೋ ಕಂಪನಿಯ ಖಾತೆಯಲ್ಲೋ?

ಇದು ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಒಂದು ಸೌತೆಕಾಯಿಯಿಂದ. ಈ ಕಥೆಯನ್ನು ನನ್ನ ಹಳೆಯ ವಿದ್ಯಾರ್ಥಿಗಳು ಹತ್ತು ಸಲ ಕೇಳಿದ್ದಾರೆ. ಹಿಂದಿನ ಸಾಲಿನಲ್ಲಿ ಇಬ್ಬರು ಈಗಾಗಲೇ ನಗುತ್ತಿದ್ದಾರೆ. ಇರಲಿ, ಹನ್ನೊಂದನೆಯ ಸಲ ಕೇಳಿ.

ಒಂದು ಭಾನುವಾರ ಬಿ.ಎ. ಅಂತಿಮ ವರ್ಷದ ಆರು ಮಕ್ಕಳನ್ನು ಕರೆದುಕೊಂಡು ಬೆಳಗಿನ ನಾಲ್ಕು ಗಂಟೆಗೆ ನಂದಿಯ ಬುಡದಲ್ಲಿ ನಿಂತೆ. ವಾಹನ ಎಣಿಸುವುದು ಕೆಲಸ. ಸೂರ್ಯೋದಯಕ್ಕೆ ಬರುವ ಜನಸಾಗರ ನಿಮಗೆ ಗೊತ್ತೇ ಇದೆ. ಒಬ್ಬ ಹುಡುಗ ಮುನ್ನೂರರವರೆಗೆ ಎಣಿಸಿ, ಟೀ ಕುಡಿಯಲು ಹೋಗಿ, ಲೆಕ್ಕ ಮರೆತು, ವಾಪಸ್ಸು ಬಂದು ಮತ್ತೆ ಒಂದರಿಂದ ಶುರುಮಾಡಿದ. ಅಂಕಿಅಂಶಗಳ ಬಗ್ಗೆ ನನಗಿದ್ದ ಭಕ್ತಿ ಅಂದಿನಿಂದ ಸ್ವಲ್ಪ ಇಳಿದಿದೆ.

ಎಂಟು ಗಂಟೆಯ ಹೊತ್ತಿಗೆ ಬೆಟ್ಟ ಇಳಿದು ಬಂದ ಒಂದು ಕುಟುಂಬ ರಸ್ತೆ ಪಕ್ಕದ ಮರದ ಕೆಳಗೆ ಜಮಖಾನ ಹಾಸಿತು. ಪುಳಿಯೋಗರೆಯ ಡಬ್ಬಿ, ಚಪಾತಿ, ಫ್ಲಾಸ್ಕಿನಲ್ಲಿ ಕಾಫಿ, ಕ್ಯಾನಿನಲ್ಲಿ ನೀರು. ಎಲ್ಲವೂ ಬೆಂಗಳೂರಿನಿಂದಲೇ ಬಂದದ್ದು. ಕಾರಿಗೆ ಡೀಸೆಲ್ ಹೆಬ್ಬಾಳದಲ್ಲಿ ಹಾಕಿಸಿದ್ದರಂತೆ. ನಾನು ಮಾತಾಡಿಸಿದಾಗ ಪಾಪ, ನನಗೂ ಒಂದು ತಟ್ಟೆ ಪುಳಿಯೋಗರೆ ಕೊಟ್ಟರು, ಚೆನ್ನಾಗಿತ್ತು. ನಮ್ಮ ಜಿಲ್ಲೆಯಲ್ಲಿ ಅವರು ಕೊಂಡದ್ದು ನಾಲ್ಕು ಸೌತೆಕಾಯಿ. ಬಿಟ್ಟುಹೋದದ್ದು ಎಂಟು ಕಾಗದದ ತಟ್ಟೆ. ಸರ್ಕಾರಿ ಲೆಕ್ಕದಲ್ಲಿ ಅವರು ಐದು ಮಂದಿ ಪ್ರವಾಸಿಗರು.

ಸೌತೆಕಾಯಿ ಮಾರಿದ ಹೆಂಗಸಿನ ಬಳಿ ಹೋದೆ. ‘ಅಮ್ಮ, ಇಪ್ಪತ್ತು ರೂಪಾಯಿಗೆ ಒಂದು ಮಾರುತ್ತೀರಲ್ಲ, ನಿಮಗೆ ಎಷ್ಟು ಉಳಿಯುತ್ತದೆ?’ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀವು ತೆರಿಗೆಯವರಾ?’ ಎಂದರು. ‘ಇಲ್ಲಮ್ಮ, ಮೇಷ್ಟ್ರು.’ ‘ಹಾಗಾದರೆ ಕುಳಿತುಕೊಳ್ಳಿ ಸ್ವಾಮಿ, ನಿಮಗೂ ಏನೂ ಉಳಿಯುವುದಿಲ್ಲ’ ಎಂದರು.

ಆಮೇಲೆ ಲೆಕ್ಕ ಬಿಚ್ಚಿದರು. ನನ್ನ ಜೊತೆ ಮಾತು ಕನ್ನಡದಲ್ಲಿ, ಲೆಕ್ಕ ಮಾತ್ರ ತೆಲುಗಿನಲ್ಲಿ. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಯಿ ತಂಗಿಯ ಗಂಡನ ತೋಟದ್ದು, ಒಂದಕ್ಕೆ ಆರು ರೂಪಾಯಿ. ಉಪ್ಪು, ಖಾರದ ಪುಡಿಗೆ ಒಂದು ರೂಪಾಯಿ. ಮಿಕ್ಕ ಹದಿಮೂರು ಆಕೆಯದು. ಅದರಲ್ಲಿ ಊರಿನ ಚೀಟಿಗೆ ಇಷ್ಟು, ಮೊಮ್ಮಗನ ಶಾಲೆಯ ವ್ಯಾನಿಗೆ ಇಷ್ಟು, ದಿನಸಿ ಅಂಗಡಿಯ ಹಳೇ ಬಾಕಿಗೆ ಇಷ್ಟು. ಅಂದರೆ ಆ ಇಪ್ಪತ್ತು ರೂಪಾಯಿ ಹೆಚ್ಚುಕಡಿಮೆ ಪೂರ್ತಿಯಾಗಿ ಹತ್ತು ಕಿಲೋಮೀಟರಿನೊಳಗೆ ಮಲಗಿತು. ಅಷ್ಟೇ ಅಲ್ಲ, ಬೆಳಿಗ್ಗೆ ಎದ್ದು ಮತ್ತೆ ಇಲ್ಲೇ ಕೆಲಸಕ್ಕೆ ಹೋಯಿತು. ಅದೇ ಗಾಡಿಯಲ್ಲಿ ನೇತುಹಾಕಿದ್ದ ಇಪ್ಪತ್ತು ರೂಪಾಯಿಯ ಚಿಪ್ಸ್ ಪೊಟ್ಟಣದಲ್ಲಿ ಆಕೆಗೆ ಉಳಿಯುತ್ತಿದ್ದದ್ದು ಎರಡೇ ರೂಪಾಯಿ. ಉಳಿದದ್ದು ಸಂಜೆಯ ಬಸ್ಸು ಹತ್ತಿ ಹೊರಟಿತು.

ಮಕ್ಕಳು ಇದಕ್ಕೆ ಸೌತೆಕಾಯಿ ಸಿದ್ಧಾಂತ ಎಂದು ಹೆಸರಿಟ್ಟರು. ಪುಸ್ತಕದಲ್ಲಿ ಹೊರಗೆ ಹೋಗುವುದಕ್ಕೆ ಸೋರಿಕೆ ಎನ್ನುತ್ತಾರೆ, ಒಳಗೇ ಕೈಯಿಂದ ಕೈಗೆ ಓಡಾಡುವುದಕ್ಕೆ ಗುಣಕ ಪರಿಣಾಮ ಎನ್ನುತ್ತಾರೆ. ಪರೀಕ್ಷೆಗೆ ಆ ಹೆಸರು ಬರೆಯಿರಿ, ಬದುಕಿಗೆ ಸೌತೆಕಾಯಿ ಸಾಕು.

ಈಗ ದೇಶದ ಲೆಕ್ಕಕ್ಕೆ ಬರೋಣ. ವಿದೇಶಿ ಪ್ರವಾಸಿ ಬಂದರೆ ಅದು ರಫ್ತು. ಸರಕನ್ನು ಹಡಗಿಗೆ ಹಾಕುವ ಬದಲು ಗಿರಾಕಿಯೇ ವಿಮಾನದಲ್ಲಿ ಬಂದು ಡಾಲರ್ ಕೊಟ್ಟುಹೋಗುತ್ತಾನೆ. 2019ರಲ್ಲಿ ಭಾರತಕ್ಕೆ ಸುಮಾರು 1 ಕೋಟಿ 9 ಲಕ್ಷ ವಿದೇಶಿಯರು ಬಂದರು, ಸುಮಾರು 3,000 ಕೋಟಿ ಡಾಲರ್ ಬಂತು. ಮರುವರ್ಷ ಕೊರೊನಾ, ಬಂದವರು 27 ಲಕ್ಷ. ನಮ್ಮದು ದೊಡ್ಡ ದೇಶ, ಒಂದು ಕಾಲು ಮುರಿದರೆ ಇನ್ನಷ್ಟು ಕಾಲುಗಳಿವೆ. ಎಲ್ಲರಿಗೂ ಆ ಅನುಕೂಲವಿಲ್ಲ.

ಶ್ರೀಲಂಕಾವನ್ನು ನೋಡಿ. 2018ರಲ್ಲಿ 23 ಲಕ್ಷ ಪ್ರವಾಸಿಗರು, 438 ಕೋಟಿ ಡಾಲರ್ ಆದಾಯ. 2019ರ ಏಪ್ರಿಲ್‌ನಲ್ಲಿ ಈಸ್ಟರ್ ದಿನದ ಬಾಂಬ್ ಸ್ಫೋಟಗಳು, ಅದರ ಹಿಂದೆಯೇ ಕೊರೊನಾ. 2021ರಲ್ಲಿ ಬಂದವರು 2 ಲಕ್ಷಕ್ಕೂ ಕಡಿಮೆ. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾಗದು ಎಂದು ಆ ದೇಶ ಕೈಚೆಲ್ಲಿತು. ಪ್ರವಾಸೋದ್ಯಮವೊಂದೇ ಕಾರಣವಲ್ಲ. ತೆರಿಗೆ ಕಡಿತವಿತ್ತು, ರಾಸಾಯನಿಕ ಗೊಬ್ಬರವನ್ನು ರಾತ್ರೋರಾತ್ರಿ ನಿಲ್ಲಿಸಿದ ದುಡುಕಿತ್ತು, ಹಳೆಯ ಸಾಲವಿತ್ತು. ಆದರೆ ಡಾಲರ್ ತರುವ ದೊಡ್ಡ ಬಾಗಿಲುಗಳಲ್ಲಿ ಒಂದು ಮುಚ್ಚಿದಾಗ ಪೆಟ್ರೋಲ್ ಬಂಕಿನ ಮುಂದೆ ಸಾಲು ಎಷ್ಟು ಉದ್ದ ಬೆಳೆಯಿತು ಎಂಬುದನ್ನು ನಾವು ಟಿ.ವಿ.ಯಲ್ಲಿ ನೋಡಿದೆವು.

ಮಾಲ್ದೀವ್ಸ್ ಇನ್ನೊಂದು ಬಗೆ. 1972ರಲ್ಲಿ ಮೊದಲ ರೆಸಾರ್ಟ್ ತೆರೆದ ದೇಶ 2011ರಲ್ಲಿ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂತು. ಇದು ಸಣ್ಣ ಸಾಧನೆಯಲ್ಲ, ನಾನು ಟೋಪಿ ತೆಗೆಯುತ್ತೇನೆ. ಟೋಪಿ ಹಾಕುವುದಿಲ್ಲ, ಆದರೂ ತೆಗೆಯುತ್ತೇನೆ. ಆದರೆ ಅಲ್ಲಿ ಬೆಳೆಯುವುದು ಅತ್ಯಲ್ಪ. ಮೊಟ್ಟೆ, ಈರುಳ್ಳಿ, ಆಲೂಗಡ್ಡೆಗೆ ಭಾರತ ಪ್ರತಿವರ್ಷ ಇಷ್ಟು ಎಂದು ನಿಗದಿ ಮಾಡಿ ಕಳಿಸುತ್ತದೆ. ರೆಸಾರ್ಟಿನಲ್ಲಿ ಕೆಲಸ ಮಾಡುವವರಲ್ಲಿ ಬಹಳಷ್ಟು ಮಂದಿ ಹೊರದೇಶದವರು. ಪ್ರವಾಸಿ ಆಮ್ಲೆಟ್ ತಿಂದರೆ ಆ ದುಡ್ಡಿನಲ್ಲಿ ಒಂದು ಪಾಲು ತಮಿಳುನಾಡಿನ ಕೋಳಿ ಫಾರಂನಲ್ಲಿ ಮಲಗುತ್ತದೆ. ನಮಗೇನೂ ಬೇಸರವಿಲ್ಲ ಬಿಡಿ.

ನನಗೆ ಹೆಚ್ಚು ಇಷ್ಟವಾಗುವುದು ಭೂತಾನ್. 1974ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದಾಗಿನಿಂದಲೂ ತಲೆ ಎಣಿಸುವುದಕ್ಕಿಂತ ರಾತ್ರಿ ಎಣಿಸುವ ದೇಶ ಅದು. ಒಂದು ರಾತ್ರಿಗೆ ಇಷ್ಟು ಶುಲ್ಕ. 2022ರಲ್ಲಿ ಅದನ್ನು 200 ಡಾಲರಿಗೆ ಏರಿಸಿದರು, ಭಾರತೀಯರಿಗೆ 1,200 ರೂಪಾಯಿ. ಜನ ಬರುವುದು ಕಡಿಮೆಯಾಯಿತು. 2023ರಲ್ಲಿ ನಾಲ್ಕು ರಾತ್ರಿಗೆ ಶುಲ್ಕ ಕಟ್ಟಿದರೆ ಇನ್ನು ನಾಲ್ಕು ರಾತ್ರಿ ಬಿಟ್ಟಿ ಎಂದರು, ಆಮೇಲೆ 100 ಡಾಲರಿಗೇ ಇಳಿಸಿದರು. ತಪ್ಪು ಮಾಡಿದರು, ತಿದ್ದಿಕೊಂಡರು. ಆದರೆ ಎಣಿಸಿದ್ದು ಸರಿಯಾದ ವಸ್ತುವನ್ನು: ಎಷ್ಟು ರಾತ್ರಿ?

ನಮ್ಮ ನಂದಿಯ ಕಷ್ಟ ಇರುವುದೇ ಇಲ್ಲಿ. ವಿದೇಶಿಯರ ಮಾತು ಬಿಡಿ, ನಮ್ಮ ಜಿಲ್ಲೆಗೆ ಬೆಂಗಳೂರೇ ಅಮೆರಿಕ. ಅರವತ್ತು ಕಿಲೋಮೀಟರ್ ದೂರದ ಅಮೆರಿಕ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು, ರಸ್ತೆ ಹೆದ್ದಾರಿಯಾಯಿತು, ನಮಗೆ ಭಾಗ್ಯ ಬಂತು ಎಂದುಕೊಂಡೆವು. ಹತ್ತಿರವಾದಷ್ಟೂ ಅವರು ಬೇಗ ಬಂದು ಬೇಗ ಹೋಗುತ್ತಾರೆ! ಬೆಳಗಿನ ಸೂರ್ಯ ನಮ್ಮವನು, ಹತ್ತು ಗಂಟೆಯ ಮಸಾಲೆ ದೋಸೆ ಬೆಂಗಳೂರಿನದು.

ಹಿಂದೆ ಹೀಗಿರಲಿಲ್ಲ. ಬ್ರಿಟಿಷ್ ಕಮಿಷನರ್ ಕಬ್ಬನ್ ಬೆಟ್ಟದ ಮೇಲೆ ಬಂಗಲೆಯನ್ನೇ ಕಟ್ಟಿಸಿದ. ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ವಾರಗಟ್ಟಲೆ ತಂಗಿದರು. ನನ್ನ ದೃಷ್ಟಿಯಲ್ಲಿ ನಂದಿ ಕಂಡ ಅತ್ಯುತ್ತಮ ಪ್ರವಾಸಿ ಅವರೇ. ಖರ್ಚು ಕಡಿಮೆ ಮಾಡಿರಬಹುದು, ಆದರೆ ಕುಡಿದ ಆಡಿನ ಹಾಲು ಬೆಟ್ಟದ ಬುಡದ ಹಳ್ಳಿಯದೇ ಆಗಿರಬೇಕು ಎಂಬುದು ನನ್ನ ಊಹೆ. ಅಂದರೆ ಸೋರಿಕೆ ಸೊನ್ನೆ. 1986ರಲ್ಲಿ ಸಾರ್ಕ್ ನಾಯಕರೂ ಈ ಬೆಟ್ಟಕ್ಕೆ ಬಂದಿದ್ದರು. ಅವರು ಸೌತೆಕಾಯಿ ಕೊಂಡರೋ ಇಲ್ಲವೋ, ದಾಖಲೆಯಲ್ಲಿಲ್ಲ.

ಪಕ್ಕದ ಕೋಲಾರದವರು ನಗಬೇಡಿ. ದುಡ್ಡು ಊರಿನಲ್ಲಿ ಮಲಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಿಮಗಿಂತ ಸಾಕ್ಷಿ ಬೇಕೇ? ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಅಗೆಯಿತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿಗೆ ದೀಪ ಬರುವ ಮೊದಲೇ ಗಣಿಗೆ ಬಂತು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಎಲ್ಲೆಲ್ಲೋ ಹೋಗಿ ಮಲಗಿದೆ. ಚಿನ್ನ ತೆಗೆದು ಮಿಕ್ಕ ಸೈನೈಡ್ ಮಣ್ಣಿನ ದಿಬ್ಬಗಳು ಮಾತ್ರ ಊರಿನಲ್ಲೇ ಮಲಗಿವೆ. ಈಗ ಅದೇ ಗಣಿಯನ್ನು ಪ್ರವಾಸಿ ತಾಣ ಮಾಡಬೇಕು ಎನ್ನುತ್ತಾರೆ. ಮಾಡಿ. ಆದರೆ ಗಣಿಯೊಳಗೆ ಇಳಿದವರ ಮಕ್ಕಳೇ ಮಾರ್ಗದರ್ಶಿಗಳಾಗಲಿ, ಟಿಕೆಟ್ಟಿನ ಗುತ್ತಿಗೆ ಹೊರಗಿನವರಿಗೆ ಹೋಗಿ ಮುಂಭಾಗದಲ್ಲಿ ಚಿಪ್ಸ್ ಅಂಗಡಿ ಬರುವುದು ಬೇಡ.

ಅಯ್ಯೋ, ಚೀಟಿ ಬಂತು. ಹತ್ತು ನಿಮಿಷವಂತೆ. ಏಳು ಅಂಶ ಬರೆದುಕೊಂಡು ಬಂದಿದ್ದೆ, ಮೂರನೆಯದರಲ್ಲಿದ್ದೇನೆ. ಸೌತೆಕಾಯಿ ತಿಂದದ್ದು ಜಾಸ್ತಿಯಾಯಿತು.

ಬೇಗ ಹೇಳುತ್ತೇನೆ. ಕೇರಳದ ಕುಮರಕೋಂನಲ್ಲಿ 2008ರ ಆಸುಪಾಸಿನಲ್ಲಿ ಒಂದು ಕೆಲಸ ಮಾಡಿದರು. ಹೋಟೆಲುಗಳು ತರಕಾರಿಯನ್ನು ಹೊರಗಿನಿಂದ ತರಿಸುತ್ತಿದ್ದವು. ಪಂಚಾಯಿತಿ ಮತ್ತು ಕುಟುಂಬಶ್ರೀ ಹೆಂಗಸರ ಗುಂಪುಗಳು ಪಾಳುಬಿದ್ದ ನೆಲದಲ್ಲಿ ತರಕಾರಿ ಬೆಳೆದು, ಬೆಲೆ ಮಾತಾಡಿಕೊಂಡು ಹೋಟೆಲುಗಳಿಗೆ ಕೊಡತೊಡಗಿದವು. ಮೊದಮೊದಲು ತಕರಾರು ಬಂದೇ ಬಂತು: ಸಮಯಕ್ಕೆ ಬರುವುದಿಲ್ಲ, ಗಾತ್ರ ಒಂದೇ ಸಮ ಇಲ್ಲ. ಆದರೂ ನಿಂತಿತು. ತರಕಾರಿ ಬೆಳೆಯುವುದನ್ನು ಚಿಕ್ಕಬಳ್ಳಾಪುರದವರಿಗೆ ಯಾರಾದರೂ ಹೇಳಿಕೊಡಬೇಕೇ? ಹೂವು ನಮ್ಮದು, ದ್ರಾಕ್ಷಿ ನಮ್ಮದು. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮುದ್ರೆಯೂ ಇದೆ. ಹೆಸರು ಮಾತ್ರ ಬೆಂಗಳೂರಿನದು, ಅದೂ ನಮ್ಮ ಹಣೆಬರಹ. ಇಲ್ಲಿನ ರೆಸಾರ್ಟುಗಳ ಅಡುಗೆಮನೆಗೆ ಟೊಮೆಟೊ ಯಾವ ದಾರಿಯಿಂದ ಬರುತ್ತದೆ ಎಂದು ಒಮ್ಮೆ ಕೇಳಿ ನೋಡಿ.

ರೇಷ್ಮೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಹರಾಜು ನೋಡಿದವರಿಗೆ ಗೊತ್ತು, ಅದು ಯಾವ ಸೂರ್ಯೋದಯಕ್ಕೂ ಕಡಿಮೆಯಿಲ್ಲ. ಬಿಸಿನೀರಿನಲ್ಲಿ ಗೂಡು ಕುದಿಸಿ ನೂಲು ಬಿಚ್ಚುವುದನ್ನು ನೋಡಲು ಸೀರೆ ಉಟ್ಟವರೆಲ್ಲ ಬರುತ್ತಾರೆ, ಕರೆಯುವವರು ಬೇಕು. ಅದಕ್ಕೆ ಅವರು ಹಿಂದಿನ ದಿನ ಸಂಜೆಯೇ ಬಂದು ತಂಗಬೇಕು. ಗಮನಿಸಿದಿರಾ, ಒಂದು ರಾತ್ರಿ ಸಿಕ್ಕಿತು! ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮನೆ, ಬೆಟ್ಟದ ಬುಡದ ಭೋಗನಂದೀಶ್ವರ ದೇಗುಲ, ರಂಗಸ್ಥಳದ ರಂಗನಾಥನ ಗುಡಿ, ಆವಲಗುರ್ಕಿಯ 112 ಅಡಿ ಆದಿಯೋಗಿ ಪ್ರತಿಮೆ ಎಲ್ಲವನ್ನೂ ಒಂದು ದಾರಕ್ಕೆ ಪೋಣಿಸಿದರೆ ಎರಡನೆಯ ರಾತ್ರಿಯೂ ಸಿಗುತ್ತದೆ.

ನೀರಿನ ವಿಷಯ ಹೇಳದೆ ಇಳಿಯುವುದಿಲ್ಲ. ನಂದಿ ಐದು ನದಿಗಳ ತವರು ಎಂದು ಎದೆ ತಟ್ಟಿಕೊಳ್ಳುತ್ತೇವೆ. ಅರ್ಕಾವತಿ, ಪಾಲಾರ್, ಪೆನ್ನಾರ್, ಚಿತ್ರಾವತಿ, ಪಾಪಾಗ್ನಿ ಎಲ್ಲ ಹೆಣ್ಣುಮಕ್ಕಳೂ ಗಂಡನ ಮನೆಗೆ ಹೋದವು, ತವರಿನಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಹೀಗಿರುವಾಗ ಪ್ರವಾಸಿ ನೆಗೆಯುವ ಈಜುಕೊಳದ ನೀರಿಗೂ ಒಂದು ಲೆಕ್ಕ ಬೇಕು. ದುಡ್ಡು ಇಲ್ಲಿ ಮಲಗಿ ನೀರು ಎದ್ದುಹೋದರೆ ಅದೂ ಸೋರಿಕೆಯೇ.

ಐದನೆಯದು ಭೂಮಿ, ಆರನೆಯದು ರೋಪ್‌ವೇ, ಏಳನೆಯದು ಹೋಂಸ್ಟೇ ಪರವಾನಗಿ. ಮೂರನ್ನೂ ಬಿಡುತ್ತೇನೆ. ಭೂಮಿಯ ಬಗ್ಗೆ ಒಂದೇ ಮಾತು: ಅಪ್ಪ ಮಾರಿದ ಹೊಲದಲ್ಲಿ ಎದ್ದ ರೆಸಾರ್ಟಿನ ಗೇಟಿಗೆ ಮಗ ಕಾವಲು ಕುಳಿತಿರುವುದನ್ನು ನಾನು ನೋಡಿದ್ದೇನೆ. ಅವನು ನನ್ನ ವಿದ್ಯಾರ್ಥಿ. ಎದ್ದು ನಿಂತು ಸಲಾಂ ಹೊಡೆದ, ನನಗೆ ಒಳಗೆ ಹೋಗಲಾಗಲಿಲ್ಲ.

ಈ ಕಾಲೇಜಿನ ಪ್ರವಾಸೋದ್ಯಮ ವಿಭಾಗದ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಈ ಭಾನುವಾರ ಬೆಟ್ಟದ ಬುಡಕ್ಕೆ ಹೋಗಿ. ವಾಹನ ಎಣಿಸಬೇಡಿ, ಅದಕ್ಕೆ ಟೋಲ್ ಗೇಟಿದೆ. ಇಪ್ಪತ್ತು ಅಂಗಡಿ ಆರಿಸಿಕೊಂಡು, ಪ್ರತಿ ಅಂಗಡಿಯ ಹತ್ತು ಸಾಮಾನು ಎಲ್ಲಿಂದ ಬಂತು, ಮಾರಿದ ದುಡ್ಡು ಎಲ್ಲಿಗೆ ಹೋಯಿತು ಎಂದು ಬರೆದುಕೊಳ್ಳಿ. ಮೊದಲು ಕುಳಿತು ಏನಾದರೂ ಕೊಂಡು ತಿನ್ನಿ, ಆಮೇಲೆ ಕೇಳಿ. ಇಲ್ಲದಿದ್ದರೆ ನಿಮ್ಮನ್ನೂ ತೆರಿಗೆಯವರು ಎಂದುಕೊಳ್ಳುತ್ತಾರೆ. ಬರೆದದ್ದನ್ನು ನನಗೆ ತಂದು ತೋರಿಸಿದರೆ ಮುಂದಿನ ಉಪನ್ಯಾಸಕ್ಕೆ ಹೊಸ ಕಥೆ ಸಿಗುತ್ತದೆ, ಹಿಂದಿನ ಸಾಲಿನವರೂ ಬದುಕಿಕೊಳ್ಳುತ್ತಾರೆ.

ಹೊರಗೆ ಕಾಫಿ, ಬಿಸ್ಕತ್ತು ಇಟ್ಟಿದ್ದಾರಂತೆ. ಬಿಸ್ಕತ್ತು ಯಾವ ಊರಿನದು ಎಂದು ನಾನು ಕೇಳುವುದಿಲ್ಲ. ನಮಸ್ಕಾರ.